ಕುಸುಬಿ ಹಾಲಿನ ಕೇಕು

ನನ್ನ ಮಗಳು ನನ್ನ ಕೇಕನ್ನು ಬೇಡ ಅಂದ ದಿನ ನನಗೆ ನಗು ಬಂದಿತ್ತು. ಅದೇ ಮಗಳು ಗೋಡೆಯಾಚೆ ನನ್ನ ನೆಗೆಣ್ಣಿಯ ಅಡುಗೆಮನೆಯಲ್ಲಿ ಕೂತು, ಅವಳು ಕುಕ್ಕರಿನಲ್ಲಿ ಬೇಯಿಸಿದ ಗಟ್ಟಿ ಕೇಕನ್ನು ಬೆರಳು ಚೀಪಿ ತಿಂದಳಲ್ಲ, ಅವತ್ತು ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ನೆಗೆಣ್ಣಿ ಅಂದರೆ ನನ್ನ ಮೈದುನನ ಹೆಂಡತಿ. ಇಂಥದ್ದಕ್ಕೆ ಮಂದಿ ಏನೇನೋ ಹೆಸರಿಡುತ್ತಾರೆ, ಬೇಜಾರು ಅಂತಾರೆ, ಮನಸ್ಸಿಗೆ ನೋವಾಯಿತು ಅಂತಾರೆ. ನನಗೆ ಆದದ್ದು ಹೊಟ್ಟೆಕಿಚ್ಚು. ಅದನ್ನು ಹಾಗೆಯೇ ಬರೆಯುತ್ತೇನೆ.

ನವಲಗುಂದ ತಾಲೂಕಿನ ನಮ್ಮ ಊರಿನಲ್ಲಿ ಕೇಕು ಅಂದರೆ ನಾನು. ನಮ್ಮ ಓಣಿಯ ಮನೆಗಳಲ್ಲಿ ಮೊಟ್ಟೆ ಹೊಸ್ತಿಲು ದಾಟುವುದಿಲ್ಲ. ಬೇಕರಿಯ ಕೇಕು ತಂದರೂ ಹಿರಿಯರು ಅದನ್ನು ಮೂಸಿ ನೋಡಿ ತಟ್ಟೆ ಸರಿಸಿಬಿಡುತ್ತಾರೆ. ಹೆಣ್ಣುಮಕ್ಕಳ ಸಂಘದವರು ನವಲಗುಂದದಲ್ಲಿ ಮೂರು ದಿನ ತರಬೇತಿ ಕೊಟ್ಟಾಗ ನಾನು ಕಲಿತು ಬಂದದ್ದು ಮೊಟ್ಟೆ ಇಲ್ಲದ ಕೇಕು. ಮೊಟ್ಟೆಯ ಬದಲಿಗೆ ಎಮ್ಮೆಯ ಗಟ್ಟಿ ಮೊಸರು, ಸ್ವಲ್ಪ ಸೋಡಾ, ಹಾಲಿನ ಪುಡಿ, ಕೈತುಂಬ ಬೆಣ್ಣೆ. ಮೊಸರಿನ ಹುಳಿಗೆ ಸೋಡಾ ಉಕ್ಕಿ ಕೇಕು ಹೂವಿನಂತೆ ಅರಳುತ್ತಿತ್ತು. ಯಮನೂರಿನಿಂದ ಹುಟ್ಟುಹಬ್ಬಕ್ಕೆ ಕೇಳಿಕೊಂಡು ಬರುತ್ತಿದ್ದರು, ಯರಗುಪ್ಪಿಯ ನನ್ನ ತವರಿನವರಂತೂ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಒಯ್ಯುತ್ತಿದ್ದರು.

ನನ್ನ ಕೇಕಿನ ಹೆಚ್ಚುಗಾರಿಕೆ ಅದರ ಅಂಚಿನಲ್ಲಿತ್ತು. ಒಲೆಯ ಎಡಕ್ಕೆ ಒಂದು ಹಿತ್ತಾಳೆಯ ಗಿಂಡಿಯಲ್ಲಿ ತುಪ್ಪ ಇರುತ್ತದೆ. ನಮ್ಮ ಮನೆಯಲ್ಲಿ ಹಂಚು, ಬೋಗುಣಿ, ಡಬ್ಬಿ, ಯಾವುದೇ ಆಗಲಿ ಬೆಂಕಿಯ ಹತ್ತಿರ ಹೋಗುವ ಮುಂಚೆ ಎರಡು ಬೆರಳು ತುಪ್ಪ ಸವರಿಸಿಕೊಳ್ಳಬೇಕು. ನನ್ನ ಅತ್ತೆ ಕಲಿಸಿದ್ದು ಅದು. ಕೇಕಿನ ಡಬ್ಬಿಗೂ ನಾನು ಹಾಗೇ ದಪ್ಪಗೆ ಸವರುತ್ತಿದ್ದೆ. ಆ ತುಪ್ಪ ಅಂಚಿಗೆ ಹೀರಿಕೊಂಡು ಗರಿಗರಿಯಾಗಿ ಕೆಂಪಗೆ ಆಗುತ್ತಿತ್ತು. ನನ್ನ ಮಗಳು ಚಿಕ್ಕಂದಿನಿಂದಲೂ ಸುತ್ತಲಿನ ಅಂಚನ್ನು ಮೊದಲು ಕಿತ್ತು ತಿಂದು, ನಡುವಿನದನ್ನು ಅಪ್ಪನಿಗೆ ಕೊಡುತ್ತಿದ್ದಳು.

ಇನ್ನು ನೆಗೆಣ್ಣಿಯ ಮನೆ. ಅಣ್ಣತಮ್ಮಂದಿರು ಪಾಲಾದಾಗ ಅಂಗಳದ ನಡುವೆ ತಲೆಮಟ್ಟದ ಗೋಡೆ ಎದ್ದಿತು. ಎಮ್ಮೆಗಳೆರಡೂ, ಮಿಕ್ಸರ್ರೂ ನಮ್ಮ ಕಡೆ ಬಂದವು, ಅತ್ತೆಯ ಕಲ್ಲಿನ ಒರಳು ಅವರ ಕಡೆ ಹೋಯಿತು. ಒರಳು ಹೋದದ್ದಕ್ಕೆ ನಾನು ಪೀಡೆ ತೊಲಗಿತು ಅಂದುಕೊಂಡಿದ್ದೆ. ಅವರು ಮುಂದೆ ಎಮ್ಮೆ ಕಟ್ಟಲೇ ಇಲ್ಲ. ಅವರ ಮನೆಯಲ್ಲಿ ಕರಿ ಚಹಾ. ಹಬ್ಬಕ್ಕೆ ಹುಗ್ಗಿ ಮಾಡಿದರೆ ಅದಕ್ಕೆ ಕುಸುಬಿ ಕಾಳು ನೆನೆಸಿ, ಕುಟ್ಟಿ, ಹಿಂಡಿ ತೆಗೆದ ಹಾಲು. ಆ ಹಾಲು ತೆಗೆಯುವುದನ್ನು ಅತ್ತೆ ಮೊದಲು ನನಗೇ ಕಲಿಸಲು ಬಂದಿದ್ದರು. "ಎಮ್ಮಿ ಕಟ್ಟಿದ ಮನ್ಯಾಗ ಕುಸುಬಿ ಹಾಲು ಎದಕ್ರಿ, ಅತ್ತಿ?" ಅಂದುಬಿಟ್ಟೆ. ಅವರು ಸಣ್ಣ ಸೊಸೆಯನ್ನು ಕರೆದು ಕಲಿಸಿದರು. ಅತ್ತೆ ಹೋಗಿ ಎಷ್ಟೋ ವರ್ಷವಾಯಿತು.

ಮಗಳು ಧಾರವಾಡದ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುತ್ತಿದ್ದಳು. ಎರಡನೇ ವರ್ಷದ ದೀಪಾವಳಿ ರಜೆಗೆ ಬಂದಾಗ ನಮ್ಮ ಹಿರಿಯ ಎಮ್ಮೆ ಈದು ಎರಡು ವಾರವಾಗಿತ್ತು. ಗಂಡುಕರು. ನಾಲ್ಕು ಗುಟುಕು ಕುಡಿಯುತ್ತಲೇ ಬಾಯಿ ಬಿಡಿಸಿ ಎಳೆದು ಕಟ್ಟಿ, ನಾನು ಹಿಂಡಲು ಕೂರುತ್ತಿದ್ದೆ. ಎಲ್ಲರೂ ಮಾಡುವುದೇ ಅದು. ಒಂದು ಬೆಳಿಗ್ಗೆ ಕರು ಏಳಲಿಲ್ಲ. ಮಗಳು ಅದರ ಹತ್ತಿರ ಬಹಳ ಹೊತ್ತು ಕೂತಿದ್ದು ಒಳಗೆ ಬಂದು, ನಾನು ಕೊಟ್ಟ ಚಹಾವನ್ನು ಕೆಳಗಿಟ್ಟಳು. "ಅದರ ಪಾಲಿಂದು ನಾವು ಕುಡದ್ವಿ, ಅದು ಸತ್ತತು. ನಂಗಿನ್ನ ಹಾಲು ಬ್ಯಾಡವ್ವ. ಮೊಸರು, ತುಪ್ಪ, ನಿನ್ನ ಕೇಕು, ಯಾವುದೂ ಬ್ಯಾಡ."

ಹಾಸ್ಟೆಲಿನಲ್ಲಿ ಇಂಥವರು ಇನ್ನೂ ಇಬ್ಬರಿದ್ದಾರಂತೆ, ಅವರಿಗೆ ವೀಗನ್ ಅನ್ನುತ್ತಾರಂತೆ. ನಾನು ಬಿದ್ದು ಬಿದ್ದು ನಕ್ಕೆ. ಓಣಿಯ ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಹೇಳಿ ನಗಿಸಿದೆ. "ನಮ್ಮಾಕಿ ಮಠ ಸೇರತಾಳಂತ, ನೋಡ್ರಿ!" ಅಂದೆ. ವಾರದಲ್ಲಿ ಬೆಣ್ಣೆ ಹಚ್ಚಿದ ರೊಟ್ಟಿಗೆ ತಾನೇ ಬರುತ್ತಾಳೆ ಅಂದುಕೊಂಡಿದ್ದೆ. ಅವಳು ರಜೆಗೆಂದು ಊರಿಗೆ ಬಂದಾಗಲೆಲ್ಲ ಗೋಡೆ ಸುತ್ತಿ ಚಿಗವ್ವನ, ಅಂದರೆ ನನ್ನ ನೆಗೆಣ್ಣಿಯ, ಮನೆಗೆ ಹೋಗತೊಡಗಿದಳು. ಅಲ್ಲಿ ಯಾವುದನ್ನೂ ಬೇಡ ಅನ್ನಬೇಕಿರಲಿಲ್ಲ. ಹಾಲಿಲ್ಲದ ಮನೆಯಲ್ಲಿ ಹಾಲು ಬಿಟ್ಟವಳಿಗೆ ಏನು ತೊಂದರೆ? ನೆಗೆಣ್ಣಿ ನನ್ನಿಂದ ನೋಡಿ ಕಲಿತಿದ್ದ ಕೇಕಿಗೇ ಮೊಸರಿನ ಬದಲು ಕುಸುಬಿ ಹಾಲು, ಲಿಂಬೆಹುಳಿ ಹಾಕಿ, ಕುಕ್ಕರಿನ ತಳಕ್ಕೆ ಉಪ್ಪು ಹಾಸಿ, ಸೀಟಿ ತೆಗೆದು ಬೇಯಿಸಿ ಕೊಟ್ಟಳು. ಅವರಿಬ್ಬರೂ ನಗುವುದು ನನಗೆ ಕೇಳಿಸುತ್ತಿತ್ತು. ಒಂದು ತುಂಡು ಗೋಡೆಯ ಮೇಲಿಂದ ನನಗೂ ಬಂತು. ನಾನು ಮೂಗು ಮುರಿದು, ಅರ್ಧ ತಿಂದು, ಉಳಿದದ್ದನ್ನು ಎಮ್ಮೆಯ ಮುಂದೆ ಹಾಕಿದೆ. ಎಮ್ಮೆ ತಿಂದಿತು.

ಮಗಳ ಇಪ್ಪತ್ತನೆಯ ಹುಟ್ಟುಹಬ್ಬ ಯುಗಾದಿಗೆ ಎಂಟು ದಿನ ಮೊದಲು ಬಂದಿತ್ತು. ಕೇಕು ಕಲಿತ ವರ್ಷದಿಂದ ಒಂದು ಸಲವೂ ಅವಳ ಕೇಕು ಬೇರೆಯವರ ಕೈಯಿಂದ ಆದದ್ದಿಲ್ಲ. ಜ್ವರ ಬಂದಾಗಲೂ ನಾನೇ ಎದ್ದು ಮಾಡಿದ್ದೆ. ಒಂದು ತಿಂಗಳ ಮುಂಚೆ ಫೋನಿನಲ್ಲಿ ಅವಳು ಹಗುರಾಗಿ ಅಂದುಬಿಟ್ಟಳು, "ಅವ್ವಾ, ಈ ಸಲ ಕೇಕು ಚಿಗವ್ವ ಮಾಡ್ತಾಳ."

"ಯಾಕ, ನನ್ನ ಕೈ ಮುರದಾವೇನ?"

"ನಿನ್ನ ಕೈಲೆ ಆಗೂದಿಲ್ಲವ್ವ. ನಿನ್ನ ಕೈ ತಾನ ತುಪ್ಪಕ್ಕ ಹೋಗತಾವ."

ಮೈಯೆಲ್ಲ ಉರಿದುಹೋಯಿತು. "ನೋಡ್ತಿರು, ಹನಿ ಹಾಲಿಲ್ಲದ ಕೇಕು ನಾನ ಮಾಡ್ತೀನಿ. ಅಕಿದಕ್ಕಿಂತ ಚೊಲೋ ಮಾಡ್ಲಿಲ್ಲಂದ್ರ ಮತ್ತ ಒಲಿ ಹಚ್ಚೂದಿಲ್ಲ," ಅಂದೆ. ಅವಳು ನಕ್ಕು, ಆಯ್ತವ್ವ, ನೋಡೂಣು ಅಂದಳು. ಹೀಗೆ ನನ್ನ ಮಗಳ ಕೇಕು ನನ್ನದೋ ನೆಗೆಣ್ಣಿಯದೋ ಅನ್ನುವುದಕ್ಕೆ ನಾನೇ ಪಣ ಕಟ್ಟಿ ಕೂತೆ.

ಪ್ರಯತ್ನ ಶುರುವಾಯಿತು. ಮೊದಲ ಸಲ ಹಾಲಿನ ಬದಲು ಬರೀ ನೀರು, ಬೆಣ್ಣೆಯ ಬದಲು ಎಣ್ಣೆ ಹಾಕಿದೆ. ಮೊಸರಿನ ಹುಳಿ ಇಲ್ಲದೆ ಸೋಡಾ ಉಕ್ಕಲೇ ಇಲ್ಲ, ಚಾಕು ಒಳಗೆ ಇಳಿಯಲಿಲ್ಲ. ಎರಡನೇ ಸಲ ಲಿಂಬೆಹುಳಿ ಹಿಂಡಿ, ಅಗಸಿ ಬೀಜವನ್ನು ಪುಡಿ ಮಾಡಿ ನೀರಿನಲ್ಲಿ ನೆನೆಸಿದೆ. ಹಿಟ್ಟನ್ನು ಕಟ್ಟಿ ಹಿಡಿಯಲು ಅದರ ಲೋಳೆ ಮೊಟ್ಟೆಯಷ್ಟೇ ಚೆನ್ನ ಎಂದು ಮಗಳು ಹೇಳಿದ್ದು ನೆನಪಿತ್ತು. ಕೇಕು ಉಬ್ಬಿತು. ಆದರೆ ಅಗಸಿ ಪುಡಿ ಮಾಡಿದ್ದು ಚಟ್ನಿ ಮಾಡುವ ಜಾರಿನಲ್ಲಿ. ಚಾಕಲೇಟು ಕೇಕಿನಿಂದ ಬೆಳ್ಳುಳ್ಳಿಯ ವಾಸನೆ ಬಂತು. ನನ್ನ ಗಂಡ ಒಂದು ತುಂಡು ಬಾಯಿಗಿಟ್ಟು, "ಇದಕ್ಕ ರೊಟ್ಟಿ ಕೊಡು," ಅಂದರು. ತಟ್ಟೆ ಕಸಿದುಕೊಂಡೆ.

ಮೂರನೇ ಸಲಕ್ಕೆ ಸೋತು ಕುಸುಬಿಗೇ ಬಂದೆ. ಹಾಲಿನ ಕೊಬ್ಬು ಇಲ್ಲದ ಕೇಕಿಗೆ ಮೈ ಕೊಡುವುದು ಅದೇ ಎಂದು ಆ ಹೊತ್ತಿಗೆ ನನಗೆ ತಿಳಿದಿತ್ತು. ರಾತ್ರಿ ನೆನೆಸಿದ ಕಾಳನ್ನು ಮಿಕ್ಸರಿಗೆ ಹಾಕಿ ನುಣ್ಣಗೆ ರುಬ್ಬಿ ಹಿಂಡಿದೆ. ಬೆಳ್ಳಗೆ ಚೆಂದಾಗಿ ಹಾಲು ಬಂತು, ಕೇಕು ಮೆತ್ತಗೂ ಆಯಿತು. ಬಾಯಿಗಿಟ್ಟರೆ ಕಹಿ. ಸಕ್ಕರೆ ಹೆಚ್ಚು ಮಾಡಿ ಮತ್ತೆ ಮಾಡಿದೆ, ಮತ್ತೆ ಕಹಿ. ನೆಗೆಣ್ಣಿಯ ಕೇಕು ಗಟ್ಟಿ ಇತ್ತು ನಿಜ, ಆದರೆ ಕಹಿ ಇರಲಿಲ್ಲ. ಏನು ಮಾಡುತ್ತಾಳೆ ಇವಳು? ಕೇಳಿದರೆ ಹೇಳುತ್ತಿದ್ದಳು. ಕೇಳಲು ನನ್ನ ನಾಲಿಗೆ ಏಳಲಿಲ್ಲ.

ಅದಕ್ಕೆ ಗೋಡೆಯ ಬುಡದಲ್ಲಿ ಬಕೆಟ್ಟು ಬೋರಲು ಹಾಕಿ ಹತ್ತಿ ಇಣುಕಿದೆ. ಅಷ್ಟು ವಯಸ್ಸಾದವಳು, ಸೀರೆ ಎತ್ತಿ ಸಿಕ್ಕಿಸಿಕೊಂಡು! ಅವಳು ಒರಳಿನ ಮುಂದೆ ಕೂತು ನೆನೆದ ಕುಸುಬಿಯನ್ನು ಮೆಲ್ಲಗೆ ಕುಟ್ಟುತ್ತಿದ್ದಳು. ಸಿಪ್ಪೆ ಒಡೆಯುವಷ್ಟೇ ಕುಟ್ಟಿ, ನೀರು ಹಾಕಿ, ತೇಲಿದ ಸಿಪ್ಪೆಯನ್ನು ಕೈಯಿಂದ ತೆಗೆದು ಚೆಲ್ಲಿ, ಆಮೇಲೆ ಉಳಿದ ತಿರುಳನ್ನು ಅರೆಯುತ್ತಿದ್ದಳು. ಕಹಿ ಎಲ್ಲ ಆ ಸಿಪ್ಪೆಯಲ್ಲಿತ್ತು. ನನ್ನ ಮಿಕ್ಸರು ಸಿಪ್ಪೆಸಮೇತ ನುಣ್ಣಗೆ ಮಾಡಿ ಕುಡಿಸುತ್ತಿತ್ತು. ಪೀಡೆ ಅಂದುಕೊಂಡು ಬಿಟ್ಟುಕೊಟ್ಟ ಒರಳೇ ಈಗ ನನ್ನನ್ನು ನೋಡಿ ಹಲ್ಲು ಕಿರಿಯಿತು.

ಅವಳು ತಲೆ ಎತ್ತದೇ ಅಂದಳು, "ಅಕ್ಕಾರ, ಬಿದ್ದೀರಿ. ಕೆಳಗ ಇಳದು ಈ ಕಡೆ ಬರ್ರಿ, ತೋರಸ್ತೀನಿ."

"ಬೆಕ್ಕು ಬಂದಿತ್ತು, ಅದನ್ನ ನೋಡಾಕತ್ತಿದ್ದೆ," ಅಂದು ಇಳಿದುಬಿಟ್ಟೆ. ನಮ್ಮೆರಡೂ ಮನೆಯಲ್ಲಿ ಬೆಕ್ಕಿಲ್ಲ.

ಹುಟ್ಟುಹಬ್ಬದ ದಿನ ಬೆಳಿಗ್ಗೆ ಎಮ್ಮೆ ಹಿಂಡಿ ಬರುವಾಗ ಗೋಡೆಯ ಮೇಲೆ ಒಂದು ಸ್ಟೀಲ್ ಡಬ್ಬಿ ಇತ್ತು, ಮೇಲೆ ಹಸಿ ಬಟ್ಟೆ. ತೆಗೆದು ನೋಡಿದರೆ ಕುಸುಬಿ ಹಾಲು. ಕರೆಯದೇ ಇಟ್ಟು ಹೋಗಿದ್ದಾಳೆ. ಆ ಡಬ್ಬಿಯನ್ನು ಕಂಡು ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ? ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ದೊಡ್ಡವಳಾಗಿ ಮೆರೆಯುತ್ತಾಳಲ್ಲ ಇವಳು ಅಂತ ಹಲ್ಲು ಕಡಿದೆ. ಹಲ್ಲು ಕಡಿಯುತ್ತಲೇ ಡಬ್ಬಿಯನ್ನು ಒಳಗೆ ಒಯ್ದೆ.

ಅವತ್ತಿನ ಕೇಕಿಗೆ ಎಲ್ಲ ಕೂಡಿ ಬಂತು. ಮೈದಾ, ಕೋಕೋ, ಪುಡಿ ಮಾಡಿದ ಸಕ್ಕರೆಯನ್ನು ಮೂರು ಸಲ ಸೋಸಿದೆ. ತೊಳೆದು ಬಿಸಿಲಿಗಿಟ್ಟಿದ್ದ ಜಾರಿನಲ್ಲಿ ಅಗಸಿ, ಗಾಣದ ಕುಸುಬಿ ಎಣ್ಣೆ, ಲಿಂಬೆಹುಳಿ, ಅವಳ ಹಾಲು. ಎಲ್ಲವನ್ನೂ ಕಲಸಿ ಓವನ್ನಿಗೆ ಇಟ್ಟೆ, ಕರೆಂಟೂ ಹೋಗಲಿಲ್ಲ. ಗಾಜಿನ ಹಿಂದೆ ಅದು ಏಳುವುದನ್ನು ಪೀಠ ಹಾಕಿಕೊಂಡು ಕೂತು ನೋಡಿದೆ. ಹೊರಗೆ ತೆಗೆದಾಗ ನಡು ಮೆತ್ತಗೆ, ಸುತ್ತ ಗರಿಗರಿ ಅಂಚು. ಗೆದ್ದೆ ಅಂದುಕೊಂಡೆ.

ಆಮೇಲೆ ಒಲೆಯ ಸುತ್ತ ಒರೆಸಲು ಹೋದೆ. ಗಿಂಡಿಯ ಮುಚ್ಚಳ ಪಕ್ಕಕ್ಕೆ ಬಿದ್ದಿತ್ತು. ತುಪ್ಪದಲ್ಲಿ ಎರಡು ಬೆರಳಿನ ಗುರುತು. ನಾನು ನನ್ನ ಬಲಗೈ ಎತ್ತಿ ಮೂಸಿದೆ.

ಡಬ್ಬಿಗೆ ತುಪ್ಪ ಸವರಿದ್ದೆ. ಯಾವಾಗ ಸವರಿದೆ ಅನ್ನುವ ನೆನಪೂ ಇರಲಿಲ್ಲ, ದೇವರಾಣೆ. ಮಗಳು ಅಂದ ಹಾಗೆ ಕೈ ತಾನೇ ಹೋಗಿತ್ತು. ಇನ್ನೊಂದು ಕೇಕಿಗೆ ಹಾಲು ಉಳಿದಿರಲಿಲ್ಲ, ಹೊತ್ತೂ ಇರಲಿಲ್ಲ. ನಾಲ್ಕು ಗಂಟೆಯ ಬಸ್ಸು ಊರಿಗೆ ಬಂದ ಹಾರ್ನ್ ಕೇಳಿತು. ಆಗ ನಾನು ಮಾಡಿದ್ದನ್ನು ಕೈಯ ತಪ್ಪು ಅನ್ನಲಾಗುವುದಿಲ್ಲ. ಏಲಕ್ಕಿ ಕುಟ್ಟಿ, ಕೋಕೋದ ಜೊತೆ ಕಲಸಿ, ಅಂಚಿನ ಸುತ್ತಲೂ ದಪ್ಪಗೆ ಉದುರಿಸಿದೆ, ವಾಸನೆ ಮುಚ್ಚಲಿ ಅಂತ.

ಮಗಳು ಬಂದಳು. ಹಿಂದೆಯೇ ನೆಗೆಣ್ಣಿ ಬರಿಗೈಯಲ್ಲಿ ಬಂದಳು. "ನಿಮ್ಮವ್ವ ಮಾಡಾಕತ್ತಾರಂತ ನಾ ಮಾಡ್ಲಿಲ್ಲವಾ," ಅಂದಳು. ಮಗಳು ಕೇಕು ಕೊಯ್ದು, ಚಿಕ್ಕಂದಿನ ಹಾಗೆ ಅಂಚನ್ನು ಕಿತ್ತು ಬಾಯಿಗಿಟ್ಟುಕೊಂಡಳು. ಕಣ್ಣು ಮುಚ್ಚಿದಳು. "ಅವ್ವಾ! ಅಗದಿ ಮೊದಲಿನ ಹಂಗ ಆಗೇತಲ್ಲ! ಹನಿ ಹಾಲು ಇಲ್ಲದ ಹೆಂಗ ಮಾಡಿದಿ?" ಅಂದು ನನ್ನ ಕೊರಳಿಗೆ ಬಿದ್ದಳು. ಐದು ತಿಂಗಳಿಂದ ನನ್ನನ್ನು ಹಾಗೆ ತಬ್ಬಿರಲಿಲ್ಲ. ಹೇಳಬೇಕಿತ್ತು. ನಾನು ಅವಳ ತಲೆ ಸವರುತ್ತಾ ನಿಂತೆ.

ನೆಗೆಣ್ಣಿ ತನ್ನ ತುಂಡನ್ನು ಬಾಯಿಗಿಟ್ಟಳು. ಅಗಿಯುವುದು ಒಂದು ಗಳಿಗೆ ನಿಂತಿತು. ತುಪ್ಪ ಕಾಣದ ಮನೆಯವಳ ನಾಲಿಗೆಗೆ ತುಪ್ಪ ತಿಳಿಯದೇ ಇರುತ್ತದೆಯೇ? ಅವಳು ನನ್ನ ಕಡೆ ನೋಡಿದಳು, ಗಿಂಡಿಯ ಕಡೆ ನೋಡಿದಳು. "ಚೊಲೋ ಆಗೇತ್ರಿ, ಅಕ್ಕಾರ," ಅಂದು ಎದ್ದು, ಕೇಕಿನ ಡಬ್ಬಿ ತೆಗೆದುಕೊಂಡು ಹಿತ್ತಿಲಿಗೆ ಹೋಗಿ, ಬಿಸಿನೀರು ಹಾಕಿ ತಿಕ್ಕಿ ತಿಕ್ಕಿ ತೊಳೆದು ಬೋರಲು ಹಾಕಿದಳು.

ಮುಂದಿನ ಒಂದು ವರ್ಷ ನಾನು ಸರಿಯಾಗಿಯೇ ಮಾಡಿದೆ. ತುಪ್ಪದ ಗಿಂಡಿಯನ್ನು ಗೋಡೆಯಲ್ಲಿನ ದೇವರ ಮಾಡಕ್ಕೆ ಏರಿಸಿಟ್ಟು, ಡಬ್ಬಿಗೆ ಕುಸುಬಿ ಎಣ್ಣೆ ಸವರಿ, ಅವಳು ಬಂದಾಗಲೆಲ್ಲ ಮಾಡಿಕೊಟ್ಟೆ. ಚೆನ್ನಾಗೇ ಆಗುತ್ತಿತ್ತು. ಅವಳು ತಿಂದು, ಪ್ರತಿ ಸಲವೂ ಒಂದೇ ಮಾತು ಅನ್ನುತ್ತಿದ್ದಳು, "ಚೊಲೋ ಆಗೇತವ್ವ, ಆದ್ರ ಆವತ್ತಿನ ಅಂಚು ಬರವಲ್ದು." ನೆಗೆಣ್ಣಿ ಇದ್ದರೆ ಚಹಾದ ಬಟ್ಟಲಿನೊಳಗೆ ನೋಡುತ್ತಿದ್ದಳು. ಒಂದು ದಿನವೂ ಅದರ ಬಗ್ಗೆ ಬಾಯಿ ಬಿಡಲಿಲ್ಲ. ಕೆಣಕಲಿಲ್ಲ, ಚುಚ್ಚಲಿಲ್ಲ, ಕೇಕಿಗೆ ಕುಸುಬಿ ಹಾಲು ಕೊಡುವುದನ್ನು ನಿಲ್ಲಿಸಲೂ ಇಲ್ಲ. ಅವಳ ಒಳ್ಳೆಯತನ ನನ್ನ ಗಂಟಲಲ್ಲಿ ಮುಳ್ಳಾಗಿ ಕೂತಿತು.

ಇಪ್ಪತ್ತೊಂದನೆಯ ಹುಟ್ಟುಹಬ್ಬಕ್ಕೆ ಮತ್ತೆ ಮೂವರೂ ನನ್ನ ಪಡಸಾಲೆಯಲ್ಲಿ ಕೂತಿದ್ದೆವು. ಮಗಳು ಅಂಚು ಕಿತ್ತು ತಿಂದು, "ಹೋದ ವರ್ಷ ಏನ ಹಾಕಿದ್ದೆವ್ವ, ನೆನಪ ಮಾಡ್ಕೊಳ್ಳ," ಅಂದಳು. ನೆಗೆಣ್ಣಿ ತಟ್ಟನೆ ಅಂದಳು, "ಆವತ್ತ ಹೊಸಾ ಕುಸುಬಿ ಇತ್ತವಾ, ಆಗಷ್ಟ ಹೊಲದಿಂದ ಬಂದಿದ್ದು. ಅದರ ರುಚೀನ ಬ್ಯಾರೆ. ಈ ವರ್ಷದ್ದು ಇನ್ನ ರಾಶಿ ಆಗಿಲ್ಲ."

ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ನನ್ನ ಮಗಳಿಗೆ, ನನ್ನ ಸಲುವಾಗಿ, ನನ್ನ ಮನೆಯಲ್ಲಿ ಕೂತು. ಮಗಳು ನಂಬಿ ತಲೆಯಾಡಿಸಿದಳು. ಅವಳ ಕಣ್ಣಲ್ಲಿ ಚಿಗವ್ವನ ಮೇಲಿನ ಅಕ್ಕರೆ ಕಂಡಿತು ನನಗೆ. ಅಷ್ಟು ಸಾಕಾಯಿತು.

"ತುಪ್ಪ ಇತ್ತು ಅದರಾಗ!" ಅಂತ ಕಿರುಚಿದೆ. "ಡಬ್ಬಿಗೆ ತುಪ್ಪ ಸವರಿದ್ದೆ. ಇಕಿಗೂ ಗೊತ್ತಿತ್ತು. ಕೇಳ ಬೇಕಾದ್ರ, ಡಬ್ಬಿ ತೊಳದಾಕಿ ಇಕೀನ!"

ಪ್ರಾಮಾಣಿಕತೆಯಿಂದ ಹೇಳಿದೆ ಅಂತ ಯಾರೂ ತಿಳಿಯಬೇಡಿ. ಅವಳು ನನಗಿಂತ ಒಳ್ಳೆಯವಳಾಗಿ ಇನ್ನೊಂದು ದಿನ ಇರುವುದನ್ನು ನನ್ನಿಂದ ನೋಡಲಾಗಲಿಲ್ಲ. ಮಗಳು ತಟ್ಟೆಯನ್ನು ಕೆಳಗಿಟ್ಟಳು, ಹಿಂದೆ ಚಹಾ ಇಟ್ಟ ಹಾಗೆಯೇ. "ಚಿಗವ್ವ, ಖರೇನ? ನೀನೂ ಹೇಳ್ಲಿಲ್ಲ?" ಅಂದಳು. ಮಗಳ ಮುಖ ನೆಗೆಣ್ಣಿಯ ಕಡೆಗೂ ಕಪ್ಪಿಟ್ಟಿತು. ಹೇಳಲು ನಾಚಿಕೆಯಾಗುತ್ತದೆ, ಅದನ್ನು ನೋಡಿ ನನ್ನ ಹೊಟ್ಟೆ ತಣ್ಣಗಾಯಿತು. ಮಗಳು ಬ್ಯಾಗು ಎತ್ತಿಕೊಂಡು ಸಂಜೆಯ ಬಸ್ಸಿಗೇ ಧಾರವಾಡಕ್ಕೆ ಹೋದಳು. ಪಡಸಾಲೆಯಲ್ಲಿ ನಾವಿಬ್ಬರು, ನಡುವೆ ಕೊಯ್ದ ಕೇಕು.

ನೆಗೆಣ್ಣಿ ಸೆರಗು ಸರಿಮಾಡಿಕೊಂಡು ಎದ್ದಳು. ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದಳು. "ಸಮಾಧಾನಾತ್ರಿ, ಅಕ್ಕಾರ?" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಎರಡು ತಿಂಗಳು ಮಗಳು ಫೋನಿನಲ್ಲಿ ಹೂಂ, ಇಲ್ಲ ಅನ್ನುವುದರಾಚೆ ಮಾತಾಡಲಿಲ್ಲ. ಬೇಸಿಗೆ ರಜೆಗೆ ಬಂದವಳು ಹೊಸದೊಂದು ಕೇಕಿನ ಡಬ್ಬಿ ತಂದಿದ್ದಳು. "ಇನ್ನ ನನ್ನ ಕೇಕು ನಾನ ಮಾಡ್ಕೊಳ್ತೀನಿ," ಅಂದಳು. ನನ್ನ ಅಡುಗೆಮನೆಯಲ್ಲೇ ಮಾಡಿದಳು, ಓವನ್ನು ಇರುವುದು ಇಲ್ಲೇ ಅಲ್ಲವೇ. ಹಿಟ್ಟು ಸೋಸಿದಳು, ಅಗಸಿ ನೆನೆಸಿದಳು, ನಾನು ಹೊಸ್ತಿಲ ಮೇಲೆ ಪರದೇಶಿಯ ಹಾಗೆ ಕೂತಿದ್ದೆ. ಕೊನೆಗೆ ಅವಳು ಡಬ್ಬಿಯನ್ನೂ ಕುಸುಬಿ ಎಣ್ಣೆಯ ಬಾಟಲಿಯನ್ನೂ ನನ್ನ ಮುಂದೆ ಇಟ್ಟಳು. "ಡಬ್ಬಿಗೆ ನೀನ ಹಚ್ಚವ್ವ," ಅಂದಳು.

ಎರಡು ಬೆರಳು ಎಣ್ಣೆಯಲ್ಲಿ ಅದ್ದಿ ಸವರತೊಡಗಿದೆ, ತಳಕ್ಕೆ, ಆಮೇಲೆ ಸುತ್ತ. ಮುಗಿಸಿ ತಲೆ ಎತ್ತಿದರೆ, ಅವಳು ಸೊಂಟದ ಮೇಲೆ ಕೈಯಿಟ್ಟು, ಕಣ್ಣು ಪಿಳುಕಿಸದೆ ನನ್ನ ಕೈಯನ್ನೇ ನೋಡುತ್ತಾ ನಿಂತಿದ್ದಳು.

ಗೋಡೆಯಾಚೆ ಒರಳಿನ ಸದ್ದು ಬರುತ್ತಿತ್ತು. ಈ ಕೇಕಿಗೇ ನೆಗೆಣ್ಣಿ ಕುಸುಬಿ ಕುಟ್ಟುತ್ತಿದ್ದಳು. ಅವಳ ಕೈಯನ್ನು ನೋಡುತ್ತಾ ಯಾರೂ ನಿಂತಿರಲಿಲ್ಲ.